ಹಿತ್ತಲಿನ ಕಪ್ಪು ಹಣ್ಣು

ಕೊಂಬೆ ಬಂದದ್ದು ತಮಿಳು ಪತ್ರಿಕೆಯ ಸಿನಿಮಾ ಪುಟದಲ್ಲಿ ಸುತ್ತಿಕೊಂಡು. ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಅದನ್ನು ನನ್ನ ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು ಹೊರಟರು. ಅವರು ಇನ್ನೂ ಮೆಟ್ಟಿಲಿಳಿಯುತ್ತಿರುವಾಗಲೇ ಫೋನು ಬಂತು. ಮಾತಾಡಿದವರು ಆ ಆಸ್ಪತ್ರೆಯ ವೈದ್ಯೆ. ರಾಯಪುರಂನ ಒಬ್ಬ ಮುದುಕಿಯನ್ನು ಹಿಂದಿನ ದಿನ ಮಧ್ಯಾಹ್ನ ಸೇರಿಸಿದ್ದಾರೆ. ಬಾಯಿ ಒಣಗಿದೆ, ಕಣ್ಣಿನ ಪಾಪೆ ಅಗಲವಾಗಿದೆ, ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದಾರೆ, ಹೆತ್ತ ಮಗನ ಗುರುತೂ ಸಿಗುತ್ತಿಲ್ಲ. ಊಟಕ್ಕೆ ಮಣತಕ್ಕಾಳಿ ಕುಳಂಬು ಉಂಡಿದ್ದರಂತೆ. ಕಾಯಿ ಕಿತ್ತದ್ದು ಹಿತ್ತಲಿನಲ್ಲಿ. ಮಗ ಆ ಹಿತ್ತಲಿನಿಂದ ಮುರಿದು ತಂದ ಕೊಂಬೆಯೇ ಇದು.

"ಇದು ಯಾವ ಗಿಡ? ವಿಷದ್ದೇ? ಅಷ್ಟು ಹೇಳಿ" ಎಂದರು ವೈದ್ಯೆ.

ಮಣತಕ್ಕಾಳಿ ಎಂದರೆ ಕನ್ನಡದ ಗಣಿಕೆ. ಸೊಪ್ಪು ಸಾರಿಗೆ, ಕಾಯಿ ಕುಳಂಬು ಎನ್ನುವ ಹುಳಿಗೆ, ಹಣ್ಣು ಮಕ್ಕಳ ಬಾಯಿಗೆ. ಅದನ್ನು ತಿಂದು ಯಾರೂ ಹೆತ್ತ ಮಗನನ್ನು ಮರೆಯುವುದಿಲ್ಲ.

ಆಗ ನಾನು ಚೆನ್ನೈನ ಕೀಲ್ಪಾಕ್‌ನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಸಸ್ಯ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಔಷಧಿ ತಯಾರಿಸುವವರು ಕೊಳ್ಳುವ ಬೇರು, ತೊಗಟೆ, ಪುಡಿಗಳಲ್ಲಿ ಕಲಬೆರಕೆ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ನನ್ನ ಕೆಲಸ. ಕೆಳಗಿನ ಮಹಡಿಯಲ್ಲಿ ರಸಾಯನಶಾಸ್ತ್ರದವರೆಲ್ಲ ಒಟ್ಟಿಗೆ ಕೂತು, ಒಟ್ಟಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಮೇಲಿನ ಹಿಂಬದಿಯ ಕೋಣೆಯಲ್ಲಿ ನಾನು, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಊರು ಬಿಟ್ಟು ಬಂದ ಮೊದಲ ವರ್ಷ ನಾನೂ ಕೆಳಗೆ ಹೋಗಿ ಅವರ ಜೊತೆ ಉಣ್ಣುತ್ತಿದ್ದೆ. ನನ್ನ ತಮಿಳು ತಪ್ಪಾದಾಗ ಅವರು ನಗುತ್ತಿದ್ದರು. ಕೆಟ್ಟ ನಗುವೇನಲ್ಲ. ಆದರೂ ಎರಡನೇ ವರ್ಷದಿಂದ ನಾನು ಇಳಿಯುವುದನ್ನು ಬಿಟ್ಟೆ. ಭಾನುವಾರ ಹಾಸ್ಟೆಲಿನ ಕೆಳಗಿನ ಎಸ್‌ಟಿಡಿ ಬೂತಿನಿಂದ ಹಾವೇರಿಗೆ ಫೋನು ಮಾಡಿ ಅವ್ವನ ಜೊತೆ ಮಾತಾಡಿದರೆ, ಆ ವಾರದ ಕನ್ನಡ ಮುಗಿಯಿತು.

ಕೊಂಬೆಯನ್ನು ಬಿಳಿ ಟ್ರೇ ಮೇಲೆ ಹರಡಿದೆ. ಹೂವಿರಲಿಲ್ಲ. ಹಸಿರು ಕಾಯಿಯ ಒಂದು ಗೊಂಚಲು, ಅದರಲ್ಲಿ ಜಜ್ಜಿಹೋದ ಒಂದೇ ಒಂದು ಕಪ್ಪು ಹಣ್ಣು. ಸಾಮಾನು ಇಡಲು ಬಂದ ರಸಾಯನಶಾಸ್ತ್ರದ ಹುಡುಗಿ ಬಗ್ಗಿ ನೋಡಿ, "ಮಣತಕ್ಕಾಳಿ ದಾನೇ ಮೇಡಂ?" ಎಂದಳು. ದೂರದಿಂದ ಹಾಗೇ ಕಾಣುತ್ತಿತ್ತು. ಆದರೆ ಗಣಿಕೆಯ ಕಾಂಡ ಮೆತ್ತಗಿರುತ್ತದೆ, ಉಗುರಿಗೆ ಮುರಿಯುತ್ತದೆ. ಇದು ಕಟ್ಟಿಗೆ. ಎಲೆ ದಪ್ಪ, ಮೇಲ್ಭಾಗಕ್ಕೆ ಎಣ್ಣೆ ಸವರಿದಂಥ ಹೊಳಪು, ಅಂಚು ನೇರ. ಗಣಿಕೆಯ ಕಾಯಿ ಗುಂಡಗೆ. ಇದು ಕೊಂಚ ಉದ್ದ, ತೊಟ್ಟಿನ ಕಡೆ ಪುಟ್ಟ ಬಟ್ಟಲಿನಲ್ಲಿ ಕೂರಿಸಿಟ್ಟ ಹಾಗೆ.

ಕಾಂಡವನ್ನು ಬ್ಲೇಡಿನಿಂದ ತೆಳುವಾಗಿ ಸೀಳಿ ಬಣ್ಣ ಹಾಕಿ ನೋಡಿದೆ. ಆಹಾರ ಸಾಗಿಸುವ ಅಂಗಾಂಶ ಕಟ್ಟಿಗೆಯ ಹೊರಗೂ ಇತ್ತು, ಒಳಗೂ ಇತ್ತು. ಬದನೆಯ ಬಳಗಕ್ಕೆ ಇದು ದೊಡ್ಡ ಗುರುತು. ಬದನೆ, ಟೊಮೆಟೊ, ಗಣಿಕೆ, ಉಮ್ಮತ್ತಿ ಎಲ್ಲ ಅದೇ ಬಳಗ. ಆಮೇಲೆ ಕಾಯಿ ಒಡೆದು ಬೀಜ ತೆಗೆದೆ. ಗಣಿಕೆಯ ಕಾಯಲ್ಲಿ ಬೀಜ ತುಂಬಿ ತುಳುಕುತ್ತವೆ, ಚಪ್ಪಟೆ ಬಿಲ್ಲೆಗಳ ಹಾಗೆ; ಒಳಗಿನ ಮೊಳಕೆ ಸುರುಳಿ ಸುತ್ತಿಕೊಂಡಿರುತ್ತದೆ. ಇದರಲ್ಲಿ ಬೀಜ ಕೆಲವೇ. ದಪ್ಪ, ಮೂಲೆ ಮೂಲೆಯಾಗಿ. ಸೀಳಿದರೆ ಮೊಳಕೆ ಬಹುಮಟ್ಟಿಗೆ ನೆಟ್ಟಗೆ ಮಲಗಿತ್ತು.

ವೈದ್ಯೆಗೆ ಫೋನು ಮಾಡಿ ಹೇಳಿದೆ: "ಮಣತಕ್ಕಾಳಿ ಅಲ್ಲ. ಅದೇ ಬಳಗದ ಬೇರೆ ಗಿಡ. ರಾತ್ರಿರಾಣಿಯ ಹತ್ತಿರದ ನೆಂಟ ಇರಬೇಕು. ಹೂ ನೋಡದೆ ಹೆಸರು ಹೇಳಲಾರೆ. ಆದರೆ ವಿಷ ಅಂತಲೇ ತಿಳಿದು ನೋಡಿಕೊಳ್ಳಿ."

"ಚಿಕಿತ್ಸೆ ಆಗಲೇ ನಡೀತಿದೆ" ಎಂದರು ಅವರು. ಆಮೇಲೆ ತಮಿಳಿನಲ್ಲೇ, "ನೀವು ಕನ್ನಡದವರು ಅಲ್ವಾ?" ಎಂದು ಕೇಳಿದರು. "ಅಡುಗೆ ಮಾಡಿದ್ದು ಸೊಸೆ. ಬೇಕೆಂದೇ ಹಾಕಿದಳು ಅಂತ ಮನೆಯವರ ದೂರು. ಠಾಣೆಯಿಂದಲೂ ಬಂದು ಕೇಳಿಹೋಗಿದ್ದಾರೆ. ಆ ಹುಡುಗಿಗೆ ತಮಿಳು ಬರೋದಿಲ್ಲ, ಮನೆಯವರು ಅವಳ ಮಾತನ್ನ ತಿರುಚಿ ಹೇಳ್ತಾರೇನೋ ಅಂತ ಅನುಮಾನ. ಅವಳು ಏನು ಕಿತ್ತಳು ಅಂತ ನಮಗೆ ಯಾರಿಗೂ ಸರಿಯಾಗಿ ತಿಳೀತಿಲ್ಲ. ಒಂದು ಸಲ ಬರ್ತೀರಾ?"

ಹೋದೆ. ವಾರ್ಡಿನ ಹೊರಗಿನ ಉದ್ದನೆಯ ಓಣಿಯಲ್ಲಿ ಜನ ಚಾಪೆ ಹಾಸಿಕೊಂಡು ಕೂತಿದ್ದರು. ಆ ಕುಟುಂಬ ಒಂದು ಕಂಬದ ಬಳಿ ಇತ್ತು. ಬಂದರಿನಲ್ಲಿ ಕ್ರೇನ್ ನಡೆಸುವ ಮಗ, ಎರಡು ಬೀದಿ ಆಚೆ ಮದುವೆ ಮಾಡಿ ಕೊಟ್ಟಿದ್ದ ಅವನ ಅಕ್ಕ. ಸೊಸೆ ಅವರಿಂದ ದೂರದಲ್ಲಿ, ಗೋಡೆಗೆ ಒರಗದೆ, ವೈರಿನ ಬುಟ್ಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ನಾನು ಪಕ್ಕದಲ್ಲಿ ಕೂತು, "ಹೆದರಬ್ಯಾಡವಾ. ಏನಾತು ನಂಗ ಹೇಳು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಮ್ಮ ಹಾವೇರಿಯ ಕನ್ನಡ ಅವಳಿಗೂ ಸ್ವಲ್ಪ ವಿಚಿತ್ರ ಕೇಳಿಸಿರಬೇಕು. ಆಮೇಲೆ ತಡೆಯಿಲ್ಲದೆ ಮಾತು ಬಂತು. ತುಮಕೂರಿನ ಕಡೆಯವಳು. ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಗಂಡನ ಮನೆಯವರು ಮೂರು ತಲೆಮಾರಿನ ಹಿಂದೆ ಅದೇ ಕಡೆಯಿಂದ ಬಂದು ನೆಲೆಸಿದವರು. ಹೆಣ್ಣು ಮಾತ್ರ ಊರಿನಿಂದಲೇ ತರುತ್ತಾರೆ.

"ನಾನು ಗಣಿಕೆನೇ ಕಿತ್ತಿದ್ದು ಅಕ್ಕ. ಗೋಡೆ ಬುಡದಾಗೆ ಸಣ್ಣ ಸಣ್ಣ ಗಿಡ ಅವೆ, ಬಗ್ಗಿ ಕಿತ್ಕಂಡೆ. ನಮ್ಮೂರಾಗೆ ಹೊಲದ ಬದಿನಾಗೆಲ್ಲ ಇರ್ತವೆ, ನಂಗೆ ಗೊತ್ತಾಗಕಿಲ್ವಾ? ಆ ದೊಡ್ಡ ಗಿಡ ಮುಟ್ಟೇ ಇಲ್ಲ. ಅತ್ತೆಮ್ಮಂಗೆ ಬಾಯಿ ಹುಣ್ಣಾಗಿತ್ತು, ಖಾರ ಕಮ್ಮಿ ಹಾಕಿ ಮಣತಕ್ಕಾಳಿ ಕುಳಂಬು ಮಾಡು ಅಂದ್ರು. ಮಾಡ್ದೆ. ನಾನೂ ಅದನ್ನೇ ಉಂಡಿವ್ನಿ. ನಂಗೆ ಏನೂ ಆಗಿಲ್ವಲ್ಲ."

ನಾನು ಅವಳ ಮಾತನ್ನು ಕಂಬದ ಬಳಿ ಇದ್ದವರಿಗೆ ಹೇಳಿದೆ. ಗಂಡನ ಅಕ್ಕ ಕನ್ನಡವನ್ನೂ ತಮಿಳನ್ನೂ ಕಲಸಿ ಉತ್ತರ ಕೊಟ್ಟಳು. "ಅವಳು ಉಂಡಿದ್ದನ್ನ ಯಾರ್ ಪಾತ್ತಾ? ಬೆಳಿಗ್ಗೆ ಹಿತ್ತಲಲ್ಲಿ ಕೀಳ್ತಿದ್ದಿದ್ದು ನಾನೇ ನೋಡಿದೀನಿ. ನಮ್ಮ ಅಮ್ಮಂಗೆ ಇಷ್ಟು ವರ್ಷ ಒಣ್ಣೂ ಆಗಿರಲಿಲ್ಲ." ಅವಳ ತಮ್ಮ ನೆಲ ನೋಡುತ್ತ ನಿಂತಿದ್ದ. ಹೆಂಡತಿಯ ಮುಖ ನೋಡಲಿಲ್ಲ.

ಹುಡುಗಿ ನನ್ನ ಸೆರಗಿನ ತುದಿ ಹಿಡಿದು ಮೆಲ್ಲಗೆ ಅಂದಳು. "ಆ ಮನೇಲಿ ನನ್ ಕೂಡ ಕನ್ನಡ ಮಾತಾಡೋದು ಅತ್ತೆಮ್ಮ ಒಬ್ರೇ ಅಕ್ಕ. ಇವ್ರು ತಮಿಳಲ್ಲೇ ಅಂತಾರೆ. ಅತ್ತೆಮ್ಮಂಗೆ ನಾನು ಯಾಕೆ ಹಾಕ್ಲಿ?"

ನನಗೆ ಅವಳ ಮಾತು ನಿಜ ಅನ್ನಿಸಿತು. ಆದರೆ ಅನ್ನಿಸುವುದಕ್ಕೂ ತೋರಿಸುವುದಕ್ಕೂ ಇರುವ ದೂರ ನನ್ನ ಕೆಲಸದಲ್ಲಿ ದಿನವೂ ಅಳೆಯುವಂಥದ್ದು. ಅವಳು ಹೇಳಿದ ಸಣ್ಣ ಗಿಡಗಳನ್ನು ನೋಡಬೇಕಿತ್ತು. ಮಗನನ್ನು ಕರೆದುಕೊಂಡು ಆಟೋದಲ್ಲಿ ರಾಯಪುರಂಗೆ ಹೊರಟೆ.

ಮನೆ ಮುಂದಿನಿಂದ ಕಿರಿದು, ಹಿಂದಕ್ಕೆ ಉದ್ದ. ಹಜಾರ, ಕೋಣೆ, ಅಡುಗೆಮನೆ ದಾಟಿದರೆ ಹಿತ್ತಲು. ಕಬ್ಬಿಣದ ಜಾಲರಿ ಮುಚ್ಚಿದ ಬಾವಿ, ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಬಚ್ಚಲ ನೀರು ಹರಿಯುವ ಕಾಲುವೆ. ಕಾಲುವೆಯ ಅಂಚಿನಲ್ಲಿ ಗಿಡ ಇರಬೇಕಾದ ಕಡೆ ಹಸಿ ಬುಡವೊಂದು ಬಿಳಿಯಾಗಿ ಕಾಣುತ್ತಿತ್ತು. ಬೆಳಿಗ್ಗೆ ಅಕ್ಕನೇ ಆಳು ಕರೆಸಿ ಕಡಿಸಿದ್ದಳು. ಗೋಡೆಯ ಬುಡದ ಸಣ್ಣ ಗಿಡಗಳನ್ನೂ ಬಿಟ್ಟಿರಲಿಲ್ಲ. ಎಲ್ಲ ಕಿತ್ತು, ಕಸದ ಗಾಡಿಗೆ ಹಾಕಿ, ನೆಲಕ್ಕೆ ಫಿನಾಯಿಲ್ ಸುರಿದಿದ್ದರು. ಕುಳಂಬಿನ ಪಾತ್ರೆ ಹಿಂದಿನ ದಿನವೇ ತೊಳೆದಾಗಿತ್ತು.

"ವಿಷದ ಗಿಡ ಮನೇಲಿ ಯಾಕೆ ಅಂತ" ಎಂದ ಮಗ, ತಮಿಳಿನಲ್ಲಿ. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿ, "ಅಮ್ಮ ಆ ಗಿಡ ಯಾರೂ ಹಾಕಿಲ್ಲ, ಕಾಗೆ ಹಾಕಿದ್ದು ಅಂತ ಸೊಲ್ತಿದ್ರು" ಎಂದ.

ನಾನು ಮಂಡಿಯೂರಿ ಕೂತು ಹುಡುಕಿದೆ. ಫಿನಾಯಿಲಿನ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಗೆಯುವ ಕಲ್ಲಿನ ಸಂದಿಯಲ್ಲಿ ದೊಡ್ಡ ಗಿಡದಿಂದ ಉದುರಿದ ಕಪ್ಪು ಹಣ್ಣು, ಅರೆಗಪ್ಪು ಕಾಯಿ ಸಿಕ್ಕವು. ಗೋಡೆಯ ಬುಡದಲ್ಲಿ, ಇಟ್ಟಿಗೆಗಳ ಮರೆಯಲ್ಲಿ, ಬೆರಳುದ್ದದ ಗಣಿಕೆ ಸಸಿಗಳು ಉಳಿದಿದ್ದವು. ಎರಡು ಬಗೆಯ ಗಿಡ ಇದ್ದದ್ದು ಅಲ್ಲಿಗೆ ಖಚಿತವಾಯಿತು. ಆದರೆ ಪಾತ್ರೆಯೊಳಗೆ ಹೋದದ್ದು ಯಾವುದು ಎನ್ನುವುದಕ್ಕೆ ಅದು ಉತ್ತರವಲ್ಲ. ಎರಡರಲ್ಲಿ ಒಂದನ್ನು, ಅಥವಾ ಎರಡನ್ನೂ ಅವಳು ಕಿತ್ತಿರಬಹುದು.

ಅಲ್ಲಿಂದ ಪ್ರಯೋಗಾಲಯಕ್ಕೆ ಮರಳುವ ಬದಲು ಆ ಬೀದಿಗಳಲ್ಲೇ ನಡೆದೆ. ಹಕ್ಕಿ ತಂದು ಹಾಕಿದ ಗಿಡವಾದರೆ ತಾಯಿಗಿಡ ಹತ್ತಿರದಲ್ಲೇ ಎಲ್ಲೋ ಇರಬೇಕು, ಅದರಲ್ಲಿ ಹೂವಿರಬಹುದು ಎಂಬ ಆಸೆ. ಕಾಂಪೌಂಡುಗಳ ಮೇಲಿಂದ ಇಣುಕುತ್ತ, ಒಣಮೀನಿನ ವಾಸನೆಯ ಓಣಿಗಳಲ್ಲಿ, ಲಾರಿಗಳ ನಡುವೆ ನಡೆಯುವ ಹೆಂಗಸನ್ನು ಜನ ಒಂದು ಸಲ ನೋಡಿ ಬಿಡುತ್ತಿದ್ದರು. ಏನು ಹುಡುಕುತ್ತಿದ್ದೀಯ ಎಂದು ಯಾರೂ ಕೇಳಲಿಲ್ಲ. ಆ ಊರಿನಲ್ಲಿ ನನ್ನನ್ನು ಹಾಗೆ ಕೇಳುವವರು ಯಾರೂ ಇಲ್ಲ ಎಂಬುದು ಆ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮನಸ್ಸಿಗೆ ತಾಗಿತು. ಟೀ ಅಂಗಡಿಯೊಂದರಲ್ಲಿ ಒಂದು ಟೀ ಕುಡಿದು, ಮತ್ತೆ ನಡೆದೆ.

ರೈಲು ಹಳಿಯ ಪಕ್ಕದ ಪಾಳುಬಿದ್ದ ಬಂಗಲೆಯೊಂದರ ಬೇಲಿಯಲ್ಲಿ ಅದು ಸಿಕ್ಕಿತು. ಮೊದಲು ತಾಗಿದ್ದು ಪರಿಮಳ. ಉರಿಬಿಸಿಲಿನಲ್ಲಿ, ಮೂರು ಗಂಟೆಯ ಹೊತ್ತಿಗೆ, ಸಿಹಿ ಪರಿಮಳ. ಅದೇ ಎಲೆ, ಅದೇ ಕಾಯಿಗೊಂಚಲು, ಮೇಲೆ ಪುಟ್ಟ ಕೊಳವೆಯಂಥ ಬಿಳಿ ಹೂ; ತುದಿಯ ದಳಗಳು ದುಂಡಗೆ ಹಿಂದಕ್ಕೆ ಮಡಿಚಿಕೊಂಡಿದ್ದವು. ರಾತ್ರಿರಾಣಿಯ ಹೂ ಹಸಿರು ಮಿಶ್ರಿತ ಬಿಳಿ, ಕತ್ತಲಾದ ಮೇಲೆ ಘಮಘಮಿಸುವುದು. ಅದರ ಹಣ್ಣು ಬಿಳಿ. ಇದು ಹಗಲು ಪರಿಮಳ ಬಿಡುವ ಅದರ ಸೋದರ. ಪುಸ್ತಕದಲ್ಲಿ ಸೆಸ್ಟ್ರಮ್ ಡಯರ್ನಮ್. ಕನ್ನಡದಲ್ಲಿ ಇದಕ್ಕೊಂದು ಮನೆಮಾತಿನ ಹೆಸರಿದ್ದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಅಲಂಕಾರಕ್ಕೆಂದು ಹೊರದೇಶದಿಂದ ಬಂದದ್ದು. ಹಕ್ಕಿ ಹಣ್ಣು ತಿಂದು ಎಲ್ಲೆಂದರಲ್ಲಿ ಬಿತ್ತುತ್ತದೆ. ಮನುಷ್ಯ ತಿಂದರೆ ಉಮ್ಮತ್ತಿ ತಿಂದವರ ಹಾಗೆ ಬಾಯಿ ಒಣಗಿ ಭ್ರಮೆ ಹಿಡಿಯುತ್ತದೆ. ಮುದುಕಿಗೆ ಆದದ್ದು ಅದೇ.

ಮರುದಿನ ಹೆಸರನ್ನು ಪ್ರಯೋಗಾಲಯದ ಮುಖ್ಯಸ್ಥರಿಗೆ ತಿಳಿಸಿದೆ. ಅವರು ಒಳ್ಳೆಯವರು, ಎಚ್ಚರದವರು. "ನಮ್ಮನ್ನ ಕೇಳಿದ್ದು ಹೆಸರು. ಹೆಸರು ಸಿಕ್ಕಿತಲ್ಲ, ಬರೆದು ಕಳಿಸಿ" ಎಂದರು.

"ಹೆಸರು ಬರೆದರೆ ಆ ಹುಡುಗಿ ಹಾಕಿದಳು ಅಂತ ಆಗುತ್ತೆ ಸರ್."

"ಅದು ನಮ್ಮ ಕೆಲಸ ಅಲ್ಲಮ್ಮ. ನಾಳೆ ಕೋರ್ಟಿಗೆ ಕರೆದರೆ ಅಲೆಯೋರು ಯಾರು?"

ನಾನು ಮೇಲೆ ಬಂದು ವರದಿ ಬರೆಯಲು ಕೂತೆ. ಗಿಡದ ಹೆಸರು, ಬಳಗ, ಲಕ್ಷಣಗಳು, ಹಣ್ಣು ವಿಷಕಾರಿ. ಎಲ್ಲ ನಿಜ. ಓದಿಕೊಂಡರೆ ಆ ಕಾಗದ ನೇರವಾಗಿ ಓಣಿಯಲ್ಲಿ ಕೂತಿದ್ದ ಹುಡುಗಿಯ ಕಡೆ ಬೆರಳು ತೋರಿಸುತ್ತಿತ್ತು. ಮಗ ಮುರಿದು ತಂದ ಕೊಂಬೆ ಯಾವುದೆಂದು ನಾನು ಹೇಳಿದ್ದೆ. ಮುದುಕಿಯ ಹೊಟ್ಟೆಗೆ ಹೋದದ್ದು ಏನೆಂದು ಯಾರೂ ಕೇಳಿರಲೇ ಇಲ್ಲ. ವರದಿಯನ್ನು ಹಾಗೇ ಬದಿಗಿಟ್ಟು ವೈದ್ಯೆಗೆ ಫೋನು ಮಾಡಿದೆ. "ಸೇರಿಸಿದ ದಿನ ಹೊಟ್ಟೆ ತೊಳೆದಿರಿ ಅಲ್ವಾ? ಆ ನೀರು ಇಟ್ಟಿದ್ದೀರಾ?"

ವಿಷದ ಅನುಮಾನ ಇದ್ದದ್ದರಿಂದ ಇಟ್ಟಿದ್ದರು. ಮೊಹರು ಹಾಕಿದ ಸೀಸೆಯನ್ನು ಕೊಡುವಂತಿರಲಿಲ್ಲ. ಆದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಪರೀಕ್ಷೆಗೆಂದು ಬೇರೆ ತೆಗೆದಿಟ್ಟ ಭಾಗವಿತ್ತು. ಸಂಜೆಯೊಳಗೆ ವೈದ್ಯೆ ಅದನ್ನು ಪತ್ರದೊಂದಿಗೆ ಕಳಿಸಿಕೊಟ್ಟರು.

ಜರಡಿ ಬಟ್ಟೆಯಲ್ಲಿ ಸೋಸಿ, ಉಳಿದದ್ದನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಬೇರ್ಪಡಿಸಿದೆ. ಅನ್ನದ ತುಣುಕು, ಸಾಸಿವೆ ಸಿಪ್ಪೆ, ಮೆಣಸಿನಕಾಯಿಯ ಚೂರು. ಆಮೇಲೆ ಬಿಲ್ಲೆಯಂಥ ಬೀಜಗಳು ಬಂದವು. ಒಂದನ್ನು ಸೀಳಿದೆ: ಮೊಳಕೆ ಸುರುಳಿ. ಗಣಿಕೆ. ಮತ್ತೊಂದು, ಮಗುದೊಂದು, ಎಲ್ಲ ಗಣಿಕೆಯೇ. ನನ್ನ ಭುಜ ಹಗುರಾಯಿತು. ಸೂಜಿ ಸರಿಸುತ್ತ ಹೋದೆ. ಅಡಿಯಲ್ಲಿ ಕಪ್ಪು ಸಿಪ್ಪೆಯ ತುಂಡು, ಅದಕ್ಕಂಟಿದ ಮೂಲೆಮೂಲೆಯ ದಪ್ಪ ಬೀಜ. ಸೀಳಲು ಮನಸ್ಸಾಗಲಿಲ್ಲ. ಸೀಳಿದೆ. ಮೊಳಕೆ ನೆಟ್ಟಗಿತ್ತು.

ಎರಡೂ ಇದ್ದವು. ಅವಳು ತಿಳಿಯದೆ ಎರಡನ್ನೂ ಕಿತ್ತು ಒಂದೇ ಪಾತ್ರೆಗೆ ಹಾಕಿದಳು ಎನ್ನಲು ಯಾರಿಗೂ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಕಿಟಕಿಯ ಆಚೆಯ ಗೋಡೆ ನೋಡುತ್ತ ಕೂತೆ. ಕೆಳಗಿನವರು ದೀಪ ಆರಿಸಿ, ಮಾತಾಡಿಕೊಳ್ಳುತ್ತ ಮನೆಗೆ ಹೊರಟ ಸದ್ದು ಕೇಳಿತು. "ನಾನೂ ಅದನ್ನೇ ಉಂಡಿವ್ನಿ" ಎಂದಿದ್ದಳು. ಉಂಡಿದ್ದರೆ ಅವಳಿಗೂ ಆಗಬೇಕಿತ್ತು. ಅವಳದು ಸುಳ್ಳು, ಇಲ್ಲವೇ ಈ ಕಪ್ಪು ಹಣ್ಣು ಬೇರೆ ದಾರಿಯಿಂದ ಬಂದದ್ದು.

ಬೇರೆ ದಾರಿಯಿಂದ ಬಂದಿದ್ದರೆ ಅದು ಬೆಂದಿರುವುದಿಲ್ಲ.

ಬೆಂದದ್ದು ಬೇಯದ್ದು ತಿಳಿಯುವುದು ನನಗೆ ಹೊಸದಲ್ಲ. ಬೇಯಿಸಿ ಸತ್ವ ತೆಗೆದ ಬೇರನ್ನು ಒಣಗಿಸಿ ಮತ್ತೆ ಮಾರುವ ವ್ಯಾಪಾರಿಗಳಿದ್ದಾರೆ. ಬೇಯದ ಪಿಷ್ಟದ ಕಣಕ್ಕೆ ವಿಶೇಷ ಬೆಳಕು ಹಾಯಿಸಿದರೆ ಒಳಗೊಂದು ಕಪ್ಪು ಕತ್ತರಿ ಗುರುತು ಕಾಣುತ್ತದೆ. ಒಮ್ಮೆ ಕುದಿ ಕಂಡರೆ ಕಣ ಉಬ್ಬಿ ಒಡೆದು ಆ ಗುರುತು ಅಳಿದುಹೋಗುತ್ತದೆ. ಗಣಿಕೆಯ ತಿರುಳನ್ನು ಸ್ಲೈಡಿನ ಮೇಲಿಟ್ಟು ನೋಡಿದೆ. ಪಿಷ್ಟವೆಲ್ಲ ಉಬ್ಬಿ ಮುದ್ದೆಯಾಗಿತ್ತು, ಗುರುತಿಲ್ಲ. ಬೆಂದದ್ದು. ಕಪ್ಪು ಸಿಪ್ಪೆಗಂಟಿದ ತಿರುಳನ್ನು ಇಟ್ಟೆ. ಕತ್ತಲೆಯ ಹಿನ್ನೆಲೆಯಲ್ಲಿ ಸಣ್ಣ ಕಣಗಳು ಹೊಳೆದವು; ಒಂದೊಂದರಲ್ಲೂ ಕತ್ತರಿ ಗುರುತು. ಬೇಯದ್ದು. ಬೇರೆ ಬೇರೆ ತುಂಡು ತೆಗೆದು ನೋಡಿದೆ. ಎಲ್ಲ ಹಾಗೇ.

ಆದರೂ ಒಂದು ಸಂದೇಹ ಉಳಿಯಿತು. ಈ ಹಣ್ಣಿನ ಪಿಷ್ಟ ಗಟ್ಟಿಯಾಗಿದ್ದು, ಕುಳಂಬಿನ ಕುದಿಯನ್ನು ತಡೆದುಕೊಂಡಿದ್ದರೆ? ಯಾರಾದರೂ ಕೇಳಿಯೇ ಕೇಳುತ್ತಾರೆ. ಮರುದಿನ ಬೆಳಿಗ್ಗೆ ಬರುವಾಗ ಮಾರುಕಟ್ಟೆಯಲ್ಲಿ ಮಣತಕ್ಕಾಳಿ ಕಾಯಿ, ಹುಣಸೆಹಣ್ಣು, ಖಾರದ ಪುಡಿ ಕೊಂಡೆ. ಪ್ರಯೋಗಾಲಯದ ಬಿಸಿತಟ್ಟೆಯ ಮೇಲೆ ಎರಡು ಬೀಕರುಗಳಲ್ಲಿ ಕುಳಂಬು ಕುದಿಸಿದೆ. ಒಂದಕ್ಕೆ ಮಾರುಕಟ್ಟೆಯ ಕಾಯಿ, ಇನ್ನೊಂದಕ್ಕೆ ಒಗೆಯುವ ಕಲ್ಲಿನ ಸಂದಿಯಿಂದ ತಂದದ್ದು. ಸಾಸಿವೆ ಒಗ್ಗರಣೆಯ ವಾಸನೆ ಕೆಳಗಿನವರೆಗೂ ಹೋಯಿತು. ರಸಾಯನಶಾಸ್ತ್ರದ ಹುಡುಗಿ ಓಡಿ ಬಂದು, "ಊಟಕ್ಕೆ ನಮಗೂ ಉಂಟಾ ಮೇಡಂ?" ಎಂದಳು. ಒಂದು ಬೀಕರಿನಲ್ಲಿ ವಿಷವಿದೆ ಎಂದೆ. ಅವಳ ಮುಖ ನೋಡಿ, ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

ಎರಡು ಬೀಕರಿನ ಪಿಷ್ಟವೂ ಒಡೆದಿತ್ತು. ಯಾವುದರಲ್ಲೂ ಕತ್ತರಿ ಗುರುತು ಉಳಿದಿರಲಿಲ್ಲ. ಅಲ್ಲಿಗೆ ಮುದುಕಿಯ ಹೊಟ್ಟೆಯಲ್ಲಿ ಸಿಕ್ಕ ಕಪ್ಪು ಹಣ್ಣು ಪಾತ್ರೆಯಿಂದ ಬಂದದ್ದಲ್ಲ ಎಂದಾಯಿತು. ಅದನ್ನು ಹಸಿಯಾಗಿ ತಿಂದಿದ್ದರು.

ಒಗೆಯುವ ಕಲ್ಲಿನ ಮೇಲೆ ಕೂತ ಮುದುಕಿ ಆಗ ನನ್ನ ಕಣ್ಣ ಮುಂದೆ ಬಂದರು. ಬಾಯಿ ಹುಣ್ಣಿಗೆ ಈ ಊರಿನವರು ಮಣತಕ್ಕಾಳಿ ಹಣ್ಣು ಹಾಗೇ ಅಗಿಯುತ್ತಾರೆ. ಗೋಡೆಯ ಬುಡಕ್ಕೆ ಬಗ್ಗಲು ಮಂಡಿ ಬಿಡಬೇಕು. ಕಲ್ಲಿನ ಪಕ್ಕದ ಗಿಡಕ್ಕಾದರೆ ಕೈ ಚಾಚಿದರೆ ಸಾಕು. ವೈದ್ಯೆಯನ್ನು ಕೇಳಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಂಡಿ ಮಡಿಸಲು ಬರುವುದಿಲ್ಲ ಎಂದರು.

ಊಹೆಯನ್ನು ವರದಿಯಲ್ಲಿ ಬರೆಯಲಿಲ್ಲ. ಕಂಡದ್ದನ್ನು ಬರೆದೆ. ಬೆಂದ ಗಣಿಕೆ, ಬೇಯದ ಸೆಸ್ಟ್ರಮ್, ಎರಡು ಬೀಕರಿನ ಪರೀಕ್ಷೆ, ಕೊನೆಗೆ ಒಂದು ಸಾಲು: ವಿಷದ ಹಣ್ಣು ಅಡುಗೆಯ ಮೂಲಕ ಬಂದಿಲ್ಲ. ಮುಖ್ಯಸ್ಥರು ಎರಡು ಸಲ ಓದಿದರು. "ಕೊನೆಯ ಸಾಲು ತೆಗೆದರೆ ನಾನೂ ಸಹಿ ಹಾಕ್ತೀನಿ" ಎಂದರು. ತೆಗೆಯುವುದಿಲ್ಲ ಎಂದೆ. "ಹಾಗಾದರೆ ನಿಮ್ಮದೊಂದೇ ಸಹಿ ಹೋಗಲಿ. ಕೇಳಲು ಬಂದರೆ ನೀವೇ ನಿಲ್ಲಬೇಕು" ಎಂದರು. ಸಹಿ ಹಾಕಿದೆ. ನಾಳೆ ಯಾರಾದರೂ ಪ್ರಶ್ನಿಸಿದರೆ ಜೊತೆಗೆ ನಿಲ್ಲುವವರು ಇಡೀ ಚೆನ್ನೈನಲ್ಲಿ ಇರಲಿಲ್ಲ.

ವರದಿಯನ್ನು ನಾನೇ ತೆಗೆದುಕೊಂಡು ಹೋದೆ. ಓಣಿಯ ಕಂಬದ ಬಳಿ ಮಗ ಒಬ್ಬನೇ ಇದ್ದ. ಹುಡುಗಿಯ ಅಪ್ಪ ಬೆಳಿಗ್ಗೆ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋಗಿದ್ದರು. ಗಂಡನ ಮನೆಯವರೇ ತಂತಿ ಕೊಟ್ಟು ಕರೆಸಿದ್ದು. ವೈದ್ಯೆ ವರದಿಯನ್ನು ಓದಿ, ಅವನಿಗೆ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಅವನು ಕೇಳಿಸಿಕೊಂಡು, ಸೆಂಟ್ರಲ್‌ನಲ್ಲಿ ರೈಲು ಹತ್ತಿಸುವಾಗ ತಾನು ಅವಳ ಕೈಗೆ ನೀರಿನ ಬಾಟಲಿ ಕೂಡ ಕೊಡಲಿಲ್ಲ ಎಂದ. ಅದನ್ನು ನಮಗೆ ಯಾಕೆ ಹೇಳಿದನೋ. ಹೇಳಿ ಮುಖ ತಿರುಗಿಸಿಕೊಂಡ.

ಮುದುಕಿಗೆ ಅಷ್ಟರಲ್ಲಿ ಬುದ್ಧಿ ತಿಳಿಯಾಗಿತ್ತು; ವೈದ್ಯೆ ಒಳಗೆ ಹೋಗಿ ಅವರಿಗೂ ವಿಷಯ ಹೇಳಿ ಬಂದರು. ನಾನು ಹಾಸಿಗೆಯ ಪಕ್ಕ ಹೋಗಿ ನಿಂತಾಗ, "ನೀನಾಮ್ಮಾ ಆ ಗಿಡ ನೋಡಿದವಳು? ಉಕ್ಕಾರು" ಎಂದು ಮಂಚದ ಅಂಚು ತಟ್ಟಿದರು. ಕೂತೆ.

"ನಾನೇ ತಿಂದೆ ಅಂತ ಡಾಕ್ಟರಮ್ಮ ಹೇಳಿದ್ರು. ನಂಗೆ ಞಾಪಕ ಇಲ್ಲಮ್ಮ. ಕುಳಂಬು ಉಂಡಿದ್ದು ಞಾಪಕ ಇದೆ. ಅದು ಆದಮೇಲೆ ಒಣ್ಣೂ ಇಲ್ಲ." ಆಮೇಲೆ ಕೇಳಿದರು. "ನೀನು ಬರ್ದಿರೋದು ಸತ್ಯ ದಾನೇ?"

"ಸತ್ಯ ಅಮ್ಮ."

"ಹಂಗಾದ್ರೆ ಪಾವಂ ಆ ಹುಡುಗಿ" ಎಂದು ನನ್ನ ಹಿಂದೆಯೇ ಬಂದಿದ್ದ ಮಗನ ಕಡೆ ತಿರುಗಿದರು. "ಹೋಗಿ ಕರ್ಕೊಂಡ್ ಬಾ. ಅವಳಿಲ್ಲದೆ ನಾನು ಮನೆಗೆ ಬರಲ್ಲ."

ವಿಷಯ ನನ್ನ ಪಾಲಿಗೆ ಅಲ್ಲಿಗೆ ಮುಗಿದಿತ್ತು. ಠಾಣೆಯವರು ವರದಿಯ ಪ್ರತಿ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ನನ್ನನ್ನು ಯಾವ ಕೋರ್ಟಿಗೂ ಕರೆಯಲಿಲ್ಲ. ನಾನು ಮತ್ತೆ ಬೇರು, ತೊಗಟೆ, ಪುಡಿಗಳಿಗೆ ಮರಳಿದೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕೆಳಗಿನಿಂದ ಕರೆ ಬಂತು. ಯಾರೋ ನಿಮ್ಮನ್ನು ಕೇಳುತ್ತಿದ್ದಾರೆ ಎಂದರು. ಇಳಿದು ನೋಡಿದರೆ ಆ ಹುಡುಗಿ, ಕಾವಲಿನವನ ಜೊತೆ ಹರಕುಮುರುಕು ತಮಿಳಿನಲ್ಲಿ ಮಾತಾಡುತ್ತ ನಿಂತಿದ್ದಳು. ರಾಯಪುರಂನಿಂದ ಒಬ್ಬಳೇ ಬಸ್ಸು ಬದಲಿಸಿ ಬಂದಿದ್ದಳು. ಗಂಡ ಹೋಗಿ ಕರೆತಂದನಂತೆ. ಈಗ ಮನೆಯಲ್ಲಿ ಕನ್ನಡ ಮಾತಾಡಲು ನೋಡುತ್ತಾನಂತೆ, ಆದರೆ ಅರ್ಧಕ್ಕೆ ನಿಂತುಬಿಡುತ್ತಾನಂತೆ. ಗಂಡನ ಅಕ್ಕ ಮುಂಚಿನಂತೆ ಜೋರು ಮಾಡುವುದಿಲ್ಲ, ಮಾತೂ ಆಡುವುದಿಲ್ಲ. ಕಾಫಿ ಕುಡಿಯುತ್ತ ಇದನ್ನೆಲ್ಲ ಹೇಳಿ ಲೋಟ ಕೆಳಗಿಟ್ಟಳು.

"ಅತ್ತೆ ಹೇಗಿದ್ದಾರೆ?" ಎಂದೆ.

"ಚೆನ್ನಾಗವ್ರೆ. ನನ್ ಕಂಡ್ರೆ ತುಂಬ ಅಕ್ಕರೆ." ಬೆರಳಿನಿಂದ ಲೋಟದ ಅಂಚು ಸವರಿದಳು. "ಮುಂಚೆ ಅವ್ರು ಉಂಡ ಮೇಲೆ ನಾನು ಉಣ್ತಿದ್ದೆ ಅಕ್ಕ. ಈಗ ಮೊದ್ಲು ನಾನು ಉಣ್ಬೇಕು. 'ನೀನು ಉಣ್ಣಮ್ಮ, ಹಸಿದಿರ್ತೀಯ' ಅಂತಾರೆ. ನಾನು ಉಂಡು ಕೈ ತೊಳ್ಕಂಡ ಮೇಲೇ ಅವ್ರು ತಟ್ಟೆ ಹಾಕ್ಕಳಾದು. ದಿನಾಲೂ."

ನಾನು ನನ್ನ ಲೋಟವನ್ನೂ ಕೆಳಗಿಟ್ಟೆ.

"ಪ್ರೀತಿಗೋ, ಭಯಕ್ಕೋ ಗೊತ್ತಾಗಕಿಲ್ಲ ಅಕ್ಕ. ನೀವು ಬರ್ದಿದ್ದನ್ನ ಅವ್ರು ನಂಬವ್ರೆ. ಬೀದಿನಾಗೆ ಎಲ್ರಿಗೂ ಹೇಳ್ತಾರೆ, ನನ್ನ ಸೊಸೇದು ಏನೂ ತಪ್ಪಿಲ್ಲ ಅಂತ. ಆದ್ರೂ..."

"ಕೇಳಿದ್ಯಾ?"

"ಹೆಂಗ್ ಕೇಳಾದು?"

ಅವರು ಆ ದಿನವನ್ನು ಮರೆತುಬಿಟ್ಟಿದ್ದರು. ಹಣ್ಣು ಕಿತ್ತದ್ದು, ಬಾಯಿಗೆ ಹಾಕಿಕೊಂಡದ್ದು ಯಾವುದೂ ಅವರಲ್ಲಿ ಇರಲಿಲ್ಲ. ಇದ್ದದ್ದು ಸೊಸೆ ಬಡಿಸಿದ ಕುಳಂಬು, ಅದರಾಚೆಗೆ ಕತ್ತಲು. ನನ್ನ ವರದಿ ಆ ಜಾಗವನ್ನು ತುಂಬಲಾರದು ಎಂದು ನನಗೆ ಆಗ ಅರ್ಥವಾಯಿತು. ಚೀಲ ತೆಗೆದುಕೊಂಡು ಎದ್ದೆ.

ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ಹೋದೆ. ಬಸ್ಸು ಬರುವುದು ತಡವಾಯಿತು. ಅವಳು ನನ್ನ ಚೀಲದಲ್ಲಿದ್ದ ಊಟದ ಡಬ್ಬಿ ನೋಡಿ, "ನೀವು ಒಬ್ರೇ ಉಣ್ತೀರಾ ಅಕ್ಕ?" ಎಂದು ಕೇಳಿದಳು.

"ಹೌದು."

"ಹಂಗಾದ್ರೆ ಈ ಭಾನುವಾರ ನಮ್ಮನೆಗೆ ಬನ್ನಿ. ಮೂರು ಜನ ಒಟ್ಟಿಗೆ ಕೂತ್ಕಳಾನ. ನೀವು ಇದ್ರೆ ಅವ್ರು ಆಮೇಲೆ ಉಣ್ತೀನಿ ಅನ್ನಕೆ ಆಗಕಿಲ್ಲ."

ಭಾನುವಾರ ಹೋದೆ. ಗಂಡ ಕೆಲಸಕ್ಕೆ ಹೋಗಿದ್ದ. ಹಜಾರದಲ್ಲಿ ಬಾಳೆಎಲೆ ಹಾಕಿದ್ದರು, ಮುದುಕಿಗೆ ಮಂಡಿಯ ನೋವಿಗೆಂದು ಒಂದು ಗಿಡ್ಡ ಮಣೆ. ಹುಡುಗಿ ಮೂರು ಎಲೆಗೂ ಅನ್ನ, ಹುಳಿ, ಪಲ್ಯ ಬಡಿಸಿ ತಾನೂ ಕೂತಳು. "ಸಾಪ್ಪಿಡು ಅಮ್ಮ, ಸಾಪ್ಪಿಡು" ಎಂದರು ಮುದುಕಿ, ನನ್ನನ್ನೋ ಅವಳನ್ನೋ ತಿಳಿಯದ ಹಾಗೆ. ಅನ್ನದಿಂದ ಹಬೆ ಏಳುತ್ತಿತ್ತು. ಹೊರಗೆ ಬಂದರಿನ ಗೂಡ್ಸ್ ಗಾಡಿ ಹಾದುಹೋಗುವ ಸದ್ದು ಬಹಳ ಹೊತ್ತು ಕೇಳಿತು.

ಯಾರ ಕೈ ಮೊದಲು ಎಲೆಗೆ ಹೋಯಿತೆಂದು ನಾನು ನೋಡಲಿಲ್ಲ. ನೋಡುವುದೇ ನನ್ನ ಕಸುಬು. ಆದರೂ ತಲೆ ತಗ್ಗಿಸಿ, ಅನ್ನ ಕಲಸಿಕೊಂಡು ಉಣ್ಣತೊಡಗಿದೆ.